ಗೋಲಿಯನ್ನು ತರಲು ಪಾವಗಡಕ್ಕೆ ಹೋದದ್ದು

ಲಂಡನ್ನು, ಪ್ಯಾರಿಸ್ಸು ನೋಡಿ ಬಂದವರು ಪ್ರವಾಸದ ಪುಸ್ತಕ ಬರೆಯುತ್ತಾರೆ. ನಾನು ನೋಡಿ ಬಂದದ್ದು ಪಾವಗಡ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ, ಆಮೇಲೆ ಮುಂದಕ್ಕೆ ಹೋಗೋಣ. ಮಧುಗಿರಿಯಿಂದ ಹೊರಟು ಮಿಡಿಗೇಶಿ ದಾಟಿದರೆ ನಮ್ಮ ಮಹಾರಾಜರ ಸೀಮೆ ಮುಗಿದು ಬ್ರಿಟಿಷರ ಸೀಮೆ ಶುರುವಾಗುತ್ತದೆ. ಅದನ್ನು ಹಾದು ಆಚೆ ಇಳಿದರೆ ಪಾವಗಡ, ಅದು ಮತ್ತೆ ನಮ್ಮ ಮೈಸೂರಿಗೇ ಸೇರಿದ್ದು. ಅಂದರೆ ಬೆಳಗ್ಗೆ ದೇಶ ಬಿಟ್ಟು, ಮಧ್ಯಾಹ್ನ ಪರದೇಶದಲ್ಲಿ ಕಾಫಿ ಕುಡಿದು, ಸಂಜೆಗೆ ದೇಶಕ್ಕೆ ವಾಪಸು ಕಾಲಿಟ್ಟವನು ನಾನು. ಹಡಗು ಹತ್ತಿದವರು ಯಾರಾದರೂ ಇಷ್ಟು ಚುರುಕಾಗಿ ಮುಗಿಸಿದ್ದರೆ ಹೇಳಲಿ.

ನಾವು ಮೂವರು ಹೋಗಿದ್ದು ಒಬ್ಬ ಫುಟ್‌ಬಾಲ್ ಗೋಲಿಯನ್ನು, ಅಂದರೆ ಗೋಲು ಕಾಯುವವನನ್ನು, ನಮ್ಮೂರಿನ ಟೀಮಿಗೆ ತರಲು. ತರಲು ನಮ್ಮ ಕೈಲಿದ್ದ ದಾರಿ ಒಂದೇ, ನನ್ನ ಮಗಳ ಮದುವೆ.

ಮಧುಗಿರಿ: ಕಾಫಿ ಕ್ಲಬ್ಬಿನ ಬೆಂಚು

ನನ್ನ ಹೆಸರು ರಂಗಪ್ಪ. ಪೇಟೆಬೀದಿಯಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟುಕೊಂಡಿದ್ದೇನೆ. ನನ್ನ ಮನೆಯ ಹಿತ್ತಿಲ ಗೋಡೆಗೆ ಬೆನ್ನು ಕೊಟ್ಟ ಹಾಗೆ ಪುಟ್ಟಣ್ಣನ ಕಾಫಿ ಕ್ಲಬ್ಬು. ಆಗ ಯುದ್ಧದ ಕಾಲ. ಸಕ್ಕರೆಗೆ ರೇಷನ್ನು, ಸೀಮೆಎಣ್ಣೆಗೆ ರೇಷನ್ನು, ಬಟ್ಟೆಗೂ ರೇಷನ್ನು. ಮಾತಿಗೆ ಮಾತ್ರ ಇರಲಿಲ್ಲ. ಪುಟ್ಟಣ್ಣ ಬೆಲ್ಲ ಹಾಕಿ ಕೊಡುತ್ತಿದ್ದ ಕಾಫಿ ಕುಡಿಯುತ್ತಾ ನಾವು ಸಂಜೆಯೆಲ್ಲ ಕೂತು ಟೀಮು ಕಟ್ಟುತ್ತಿದ್ದೆವು, ಕೆಡವುತ್ತಿದ್ದೆವು, ಮತ್ತೆ ಕಟ್ಟುತ್ತಿದ್ದೆವು. ನಮ್ಮಲ್ಲಿ ಒಬ್ಬರೂ ಬಾಲು ಮುಟ್ಟಿದವರಲ್ಲ, ಆದರೆ ಯಾರು ಎಲ್ಲಿ ನಿಲ್ಲಬೇಕೆಂಬುದು ಎಲ್ಲರಿಗೂ ಗೊತ್ತಿತ್ತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿಗೆ ಸೇರಿ ವರ್ಷಕ್ಕೊಂದು ಕಪ್. ಹಿಂದಿನ ವರ್ಷ ಕೊರಟಗೆರೆಯ ಮೈದಾನದಲ್ಲಿ ಶಿರಾದವರು ನಮ್ಮನ್ನು ಚೆನ್ನಾಗಿ ಬಡಿದಿದ್ದರು. ನಮ್ಮ ಗೋಲಿ ಗಂಗಣ್ಣ ಆಟದ ನಡುವೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ. ಹಚ್ಚಿ ಮಡಚುವಷ್ಟರಲ್ಲಿ ಬಾಲು ಒಳಗೆ. ಎಲೆ ಬಿಸಾಕಿ ಹಿಡಿಯಬಹುದಿತ್ತಲ್ಲಯ್ಯ ಎಂದರೆ, ಚಿಗುರೆಲೆ ಕಣ್ರೋ ಎಂದ. ಅವತ್ತೇ ಅವನ ಗೋಲಿತನ ಮುಗಿಯಿತು, ಚರ್ಚೆ ಶುರುವಾಯಿತು.

ಹೊಳವನಹಳ್ಳಿಯಲ್ಲಿ ಒಬ್ಬ ಎತ್ತರದವನಿದ್ದಾನೆ ಎಂದರು ಒಬ್ಬರು. ಎತ್ತರ ಇದ್ದರೆ ಸಾಕೇ, ತೆಂಗಿನಮರವೂ ಎತ್ತರವೇ ಎಂದರು ಇನ್ನೊಬ್ಬರು. ಬಡವನಹಳ್ಳಿಯ ಬ್ಯಾಕನ್ನೇ ಹಿಂದಕ್ಕೆ ನಿಲ್ಲಿಸೋಣ ಎಂದರೆ, ಆಗ ಬ್ಯಾಕಿಗೆ ಯಾರು ಎಂಬ ಪ್ರಶ್ನೆ. ನಮ್ಮ ಲೆಫ್ಟ್ ಔಟನ್ನು ಕೊರಟಗೆರೆಯವರಿಗೆ ಕೊಟ್ಟು ಬದಲಿಗೆ ಕೊಳಾಲದ ಹುಡುಗನನ್ನು ತರೋಣ ಎಂದು ಪುಟ್ಟಣ್ಣ ಗಟ್ಟಿಯಾಗಿ ಹೇಳಿಬಿಟ್ಟ. ಲೆಫ್ಟ್ ಔಟು ಅಲ್ಲೇ ಬೆಂಚಿನ ತುದಿಯಲ್ಲಿ ಕೂತಿದ್ದ. ಲೋಟ ಕುಕ್ಕಿ ಎದ್ದು ಹೋದವನನ್ನು ಸಮಾಧಾನ ಮಾಡಿ ಕರೆತರಲು ಸುಮಾರು ದಿನ ಹಿಡಿಯಿತು.

ಎಲ್ಲದಕ್ಕೂ ಅಡ್ಡ ಬರುತ್ತಿದ್ದದ್ದು ಕಪ್ಪಿನ ಒಂದು ಕಟ್ಟಳೆ. ಯಾವ ತಾಲ್ಲೂಕಿಗೆ ಆಡುತ್ತಾನೋ ಅವನ ಒಲೆ ಆ ತಾಲ್ಲೂಕಿನಲ್ಲಿ ಉರಿಯಬೇಕು. ಆಟದ ದಿನ ಎರವಲು ತಂದು ನಿಲ್ಲಿಸುವ ಹಾಗಿಲ್ಲ. ಇದನ್ನು ಬಿಡಿಸಿದ್ದು ಪುಟ್ಟಣ್ಣನೇ. ಕಾಫಿ ಸೋಸುತ್ತಿದ್ದವನು ತಟ್ಟನೆ ನಿಂತು, "ಒಲೆ ಅಂದ್ರೆ ಹೆಂಡ್ತಿ ಕಣ್ರಪ್ಪ. ಹೆಂಡ್ತಿ ಇಲ್ಲಿದ್ರೆ ಒಲೆ ಇಲ್ಲಿದ್ದಂಗೇ," ಎಂದ.

ಪಾವಗಡದ ಗೋಲಿ ಓಬಳೇಶನಿಗೆ ಮದುವೆಯಾಗಿರಲಿಲ್ಲ. ನಾಲ್ಕು ತಾಲ್ಲೂಕಿಗೆ ಅವನಂಥ ಗೋಲಿ ಇಲ್ಲ ಎಂದು ಶಿರಾದವರೂ ಒಪ್ಪುತ್ತಿದ್ದರು. ಮೇಲಾಗಿ ನಮ್ಮ ಜನವೇ, ಬೆಡಗು ಬೇರೆ, ಸಂಬಂಧ ಕೂಡುತ್ತದೆ. ಅವನಿಗೆ ಇಲ್ಲಿ ಹೆಣ್ಣು ಕೊಟ್ಟು ಮನೆ ಅಳಿಯನನ್ನಾಗಿ ತಂದು ಇಟ್ಟುಕೊಂಡರೆ ಕಟ್ಟಳೆಯೂ ಉಳಿಯಿತು, ಕಪ್ಪೂ ಬಂತು. ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ಮದುವೆಗೆ ಬಂದ ಮಗಳಿದ್ದವನು ಅಲ್ಲಿ ನಾನೊಬ್ಬನೇ.

ನನಗೆ ಇರುವವಳು ಅವಳೊಬ್ಬಳೇ, ಜಯಮ್ಮ. ಬಂದ ಸಂಬಂಧಗಳೆಲ್ಲ ದೂರದ್ದು ಎಂದು ನನ್ನ ಹೆಂಡತಿ ಗೌರಮ್ಮ ಒಂದೊಂದಾಗಿ ತಳ್ಳಿಹಾಕಿದ್ದಳು. ಅಳಿಯನೇ ಮನೆಗೆ ಬರುತ್ತಾನೆ ಎಂದಾಗ ಅವಳ ಮುಖ ನೋಡಬೇಕಿತ್ತು. ಮಗಳು ಕಣ್ಣೆದುರಿಗೇ ಇರುತ್ತಾಳೆ ಎಂದು ಅವತ್ತೇ ನಡುಮನೆಯ ಪಕ್ಕದ ಕೋಣೆ ಗುಡಿಸಿ ಸಾರಿಸಿದಳು. ನನಗೂ ಖುಷಿಯೇ. ಕಪ್ ಒಂದು ಕೈಲಿ, ಮಗಳು ಇನ್ನೊಂದು ಕೈಲಿ ಎಂದು ಬೀಗಿಕೊಂಡು ಓಡಾಡಿದೆ.

ಜಯಮ್ಮ ಮಾತ್ರ ಬೀಗಲಿಲ್ಲ. ಗೋಡೆಯಾಚೆಯ ಮಾತನ್ನೆಲ್ಲ ಕೇಳಿಸಿಕೊಂಡೇ ಬೆಳೆದವಳು. ಕೋಟೆ ಮೆಟ್ಟಿಲ ಮೇಲೆ ಗೆಳತಿಯರ ಜೊತೆ ಕೂತು ನಮ್ಮ ಟೀಮಿನ ಪ್ರತಿ ಆಟ ನೋಡಿ, ಗಂಟಲು ಕಟ್ಟುವ ತನಕ ಕೂಗಿದವಳು. ನಾನು ಹೊರಡುವ ಹಿಂದಿನ ದಿನ ಬಂದು ಎದುರಿಗೆ ನಿಂತಳು. "ನನ್ನೇನು ಲೆಫ್ಟ್ ಔಟ್ ಅಂದ್ಕೊಂಡ್ರೇನಪ್ಪ, ಬದ್ಲಿಗೆ ಕೊಡಾಕೆ? ಗೋಲೀನ ನೋಡ್ಕಂಡು ಬರ್ಬೇಡ. ಮನುಷ್ಯನ್ನ ನೋಡ್ಕಂಡು ಬಾ. ನಂಗೆ ಇಡಿಸ್ನಿಲ್ಲ ಅಂದ್ರೆ ನಾನು ಒಲ್ಲೆ ಅಂತೀನಿ, ಆಮೇಲೆ ಬೈಬೇಡ," ಎಂದಳು. ನೀನು ಹೂಂ ಅನ್ನದೆ ಯಾವ ಮಾತೂ ಮುಂದಕ್ಕೆ ಹೋಗುವುದಿಲ್ಲ ಎಂದು ಮಾತು ಕೊಟ್ಟು ಹೊರಟೆ.

ಮಿಡಿಗೇಶಿ: ಇದ್ದಿಲಿನ ಬಸ್ಸು

ಹೊರಟ ಮೂವರಲ್ಲಿ ನಾನು, ಪುಟ್ಟಣ್ಣ ಬಿಟ್ಟರೆ ಮೂರನೆಯವರು ಗೌಸ್ ಸಾಹೇಬರು. ಹುಟ್ಟಿದ್ದು ಶಿರಾದಲ್ಲಿ, ಹೊಲಿಗೆ ಅಂಗಡಿ ಇಟ್ಟದ್ದು ಮಧುಗಿರಿಯಲ್ಲಿ. ಶಿರಾದವರ ಮೇಲೆ ಆಟ ಬಂದಾಗಲೆಲ್ಲ ಎಲ್ಲರ ಕಣ್ಣು ಇವರ ಮೇಲೆ. ಅದಕ್ಕೇ ಪಾಪ, ಶಿರಾದವರನ್ನು ಎಲ್ಲರಿಗಿಂತ ಜೋರಾಗಿ ಬೈಯುವುದೂ ಅವರೇ. ಟೀಮಿನ ಬನಿಯನ್ನುಗಳನ್ನೆಲ್ಲ ಅವರೇ ಹೊಲಿದುಕೊಡುತ್ತಿದ್ದರು. ಈ ಪ್ರಯಾಣಕ್ಕೆ ತಮ್ಮ ಮದುವೆಯ ಶೇರ್ವಾನಿ ಹಾಕಿಕೊಂಡು ಬಂದಿದ್ದರು.

ಪೆಟ್ರೋಲ್ ಇಲ್ಲದ್ದಕ್ಕೆ ಬಸ್ಸು ಇದ್ದಿಲಿನ ಮೇಲೆ ಓಡುತ್ತಿತ್ತು. ಬಸ್ಸಿನ ಹಿಂಬದಿಗೆ ಒಂದು ದೊಡ್ಡ ಒಲೆ ಕಟ್ಟಿದ್ದಾರೆ ಎಂದುಕೊಳ್ಳಿ. ಅದರಲ್ಲಿ ಇದ್ದಿಲು ಸುರಿದು, ಪಕ್ಕದಲ್ಲಿ ಗಾಳಿ ಊದುವ ಹಿಡಿಕೆಯನ್ನು ಗಿರಗಿರ ತಿರುಗಿಸಿ ಕೆಂಡ ಮಾಡಿದರೆ ಎಂಜಿನ್ನಿಗೆ ಜೀವ ಬರುತ್ತದೆ. ಏರು ಬಂದಾಗ ಜೀವ ಹೋಗುತ್ತದೆ. ಮಿಡಿಗೇಶಿಯ ಏರಿನಲ್ಲಿ ಅದು ನಿಂತಾಗ ಡ್ರೈವರು ಇಳಿದು, ಗಟ್ಟಿಮುಟ್ಟಾಗಿರೋರು ಬನ್ನಿ ಎಂದ. ತನ್ನನ್ನು ಗಟ್ಟಿಮುಟ್ಟು ಎಂದದ್ದಕ್ಕೆ ಉಬ್ಬಿಹೋದ ಪುಟ್ಟಣ್ಣ ಬಿಳಿ ಪಂಚೆ ಎತ್ತಿಕಟ್ಟಿ ಹಿಡಿಕೆ ತಿರುಗಿಸಿದ. ಅವನಿಗೆ ಕೈ ನೋವು ಬಂದಾಗ ಗೌಸ್ ಸಾಹೇಬರು, ಆಮೇಲೆ ನಾನು. ಬಸ್ಸು ಹೊರಟಾಗ ಮೂವರೂ ಕಮ್ಮಾರಸಾಲೆಯಿಂದ ಎದ್ದು ಬಂದ ಹಾಗಿದ್ದೆವು.

ಗಡಿಯಲ್ಲಿ ನಮ್ಮ ಕಡೆಯ ಕಾನ್‌ಸ್ಟೇಬಲ್ ಬಸ್ಸು ನಿಲ್ಲಿಸಿದ. ಆಗ ಒಂದು ಸೀಮೆಯಿಂದ ಇನ್ನೊಂದಕ್ಕೆ ಅಕ್ಕಿ ರಾಗಿ ಸಾಗಿಸುವ ಹಾಗಿರಲಿಲ್ಲ. ನಮ್ಮ ಚೀಲಕ್ಕೆ ಕೈ ಹಾಕಿದ. ತೆಂಗಿನಕಾಯಿ, ಬೆಲ್ಲ, ನಮ್ಮ ಮಂಡಿಯ ಹುಣಸೆಹಣ್ಣು, ಎಲೆ ಅಡಿಕೆ ಒಂದೊಂದೇ ಹೊರಗೆ ಬಂತು. ಕೊನೆಗೆ ಒಂದು ಫುಟ್‌ಬಾಲು. ನನಗೂ ಗೊತ್ತಿರಲಿಲ್ಲ, ಹುಡುಗನನ್ನು ಪರೀಕ್ಷೆ ಮಾಡಬೇಕೆಂದು ಪುಟ್ಟಣ್ಣ ಸೇರಿಸಿಕೊಂಡು ಬಂದಿದ್ದ. ತಾಂಬೂಲದ ಚೀಲದಲ್ಲಿ ಇದ್ಯಾಕೆ ಎಂದು ಕಾನ್‌ಸ್ಟೇಬಲ್ ಅದನ್ನು ಅಲ್ಲಾಡಿಸಿದ, ಮೂಸಿದ, ಒಳಗೆ ರಾಗಿ ತುಂಬಿದ್ದಾರೆಯೇ ಎಂದು ಅಮುಕಿ ನೋಡಿದ.

ಸಂಗತಿ ಹೇಳಿದ ಮೇಲೆ ಅವನ ಮುಖವೇ ಬೇರೆಯಾಯಿತು. ಅವನು ಶಿರಾದವನಂತೆ, ಓಬಳೇಶನ ಆಟ ನೋಡಿದ್ದಾನಂತೆ. ಮೇಲಿನ ಬಾಲು ಅವನ ಕೈ ತಪ್ಪಿ ಹೋಗುವುದಿಲ್ಲ, ಆದರೆ ಎಡಕ್ಕೆ ನೆಲಕ್ಕಂಟಿ ಬಂದದ್ದನ್ನು ಬಿಟ್ಟುಬಿಡುತ್ತಾನೆ, ಯೋಚನೆ ಮಾಡಿ ಎಂದ. ನೆಲದ ಬಾಲಿಗೆ ಬ್ಯಾಕುಗಳು ಯಾಕಿರೋದು ಎಂದು ಪುಟ್ಟಣ್ಣ ತಿರುಗಿಬಿದ್ದ. ಬ್ಯಾಕನ್ನು ನಂಬಿ ಗೋಲಿ ಆರಿಸಿದವರು ಉದ್ಧಾರವಾಗಿಲ್ಲ ಎಂದು ಕಾನ್‌ಸ್ಟೇಬಲ್. ಬಸ್ಸಿನವರೆಲ್ಲ ಇಳಿದು ಎರಡು ಪಕ್ಷವಾದರು. ಕೆಂಡ ಆರುತ್ತದೆ, ಹತ್ತಿ ಎಂದು ಡ್ರೈವರು ಬೈದದ್ದಕ್ಕೆ ನಾವು ದೇಶ ಬಿಟ್ಟೆವು, ಇಲ್ಲದಿದ್ದರೆ ಇನ್ನೂ ಅಲ್ಲೇ ಇರುತ್ತಿದ್ದೆವೋ ಏನೋ.

ಮಡಕಶಿರಾ ಸೀಮೆ: ಪರದೇಶ

ಪರದೇಶ ಬಂದದ್ದು ನೆಲ ನೋಡಿ ಗೊತ್ತಾಗುವುದಿಲ್ಲ. ಅದೇ ಬಂಡೆ, ಅದೇ ಜಾಲಿ, ಅದೇ ಬಿಸಿಲು. ಗೊತ್ತಾಗುವುದು ಹೋಟೆಲಿನ ಗೋಡೆ ನೋಡಿ. ನಮ್ಮ ಕಡೆ ಗಲ್ಲಾಪೆಟ್ಟಿಗೆಯ ಮೇಲೆ ಮಹಾರಾಜರ ಪಟ ಇರುತ್ತದೆ, ಹೂವು ಮುಡಿಸಿರುತ್ತಾರೆ. ಇಲ್ಲಿ ಆ ಜಾಗದಲ್ಲಿ ಚಕ್ರವರ್ತಿಗಳ ಪಟ, ಹೂವಿಲ್ಲ, ಮೇಲೆ ಹೊಗೆ ಹಿಡಿದಿದೆ. ನಮ್ಮ ರಾಜರನ್ನು ನಾವು ಹೆಚ್ಚು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಇನ್ನೊಂದು ವ್ಯತ್ಯಾಸ ಖಾರದ್ದು. ನಾವು ಖಾರವನ್ನು ಸಾರಿಗೆ ಹಾಕುತ್ತೇವೆ, ಅವರು ಎಲ್ಲಕ್ಕೂ ಹಾಕುತ್ತಾರೆ. ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಕೊಟ್ಟು ಉಗ್ಗಾಣಿ ಎಂದು ಮಾಡುತ್ತಾರೆ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಬಸ್ಸು ಮತ್ತೆ ಕೆಟ್ಟು ನಿಂತದ್ದರಿಂದ ನಾವು ಅದನ್ನು ಹೇಳಿ ಕಾಯುತ್ತಾ ಕೂತೆವು. ಮೊದಲು ಕಾಫಿ ಬಂತು. ಪಕ್ಕದ ಬೆಂಚಿನಲ್ಲಿ ರುಮಾಲಿನ ರೆಡ್ಡಿಯೊಬ್ಬರು ಕೂತಿದ್ದರು. ಎಲ್ಲಿಗೆ, ಯಾಕೆ ಎಂದು ಕೇಳಿದರು. ನಮ್ಮೂರಲ್ಲಿ ಹೀಗೆ ಕೇಳುವ ಮುಂಚೆ ಮಳೆ ಬೆಳೆ ವಿಚಾರಿಸುವ ಮರ್ಯಾದೆ ಇದೆ, ಅಲ್ಲಿ ನೇರ ವಿಷಯಕ್ಕೇ ಬರುತ್ತಾರೆ.

ಪುಟ್ಟಣ್ಣನಿಗೆ ತೆಲುಗು ಬಾರದು, ರೆಡ್ಡಿಯವರಿಗೆ ಕನ್ನಡ ಬಾರದು, ಗೌಸ್ ಸಾಹೇಬರು ನಡುವೆ ಉರ್ದು ಬೆರೆಸಿದರು. ಆದರೂ ಗೋಲಿ, ಬ್ಯಾಕು, ಹಾಫು, ಫಾರ್ವರ್ಡು ಎಂಬ ಮಾತುಗಳ ಮೇಲೆ ಕಾಲಿಟ್ಟುಕೊಂಡು ಮೂವರೂ ಚರ್ಚೆಯನ್ನು ದಾಟಿಸಿದರು. ಗೌಸ್ ಸಾಹೇಬರಿಗೆ ಹೊಸ ಅನುಮಾನ ಹುಟ್ಟಿತ್ತು. ಪಾವಗಡದ ಟೀಮು ದಂಡ, ಆದ್ದರಿಂದ ಆಟ ಮುಗಿಯುವ ತನಕ ಓಬಳೇಶನಿಗೆ ಕೈತುಂಬ ಕೆಲಸ. ನಮ್ಮ ಟೀಮಿಗೆ ಬಂದರೆ ಬಾಲೇ ಅವನ ತನಕ ಹೋಗುವುದಿಲ್ಲ. ಸುಮ್ಮನೆ ನಿಂತು ನಿಂತು ಗಂಗಣ್ಣನ ಹಾಗೆ ಎಲೆ ಹಾಕುವುದು ಕಲಿತರೆ?

ರೆಡ್ಡಿಯವರು ಎಲ್ಲ ಕೇಳಿ ತಲೆ ಅಲ್ಲಾಡಿಸಿದರು. "ವಾಡು ರಾಡಯ್ಯಾ," ಎಂದರು. ಅವನು ಬರುವುದಿಲ್ಲ ಎಂದು ನನಗೆ ಅರ್ಥವಾಯಿತು. ಹಿಂದೂಪುರದವರು ಗಿರಣಿಯಲ್ಲಿ ಕೆಲಸ ಕೊಡುತ್ತೇವೆಂದು ಕರೆದಿದ್ದರಂತೆ, ಹೋಗಲಿಲ್ಲವಂತೆ. ಯಾಕೆ ಎಂದರೆ ಅದು ತಮಗೂ ಗೊತ್ತಿಲ್ಲ ಎಂದರು. ಕೆಲಸಕ್ಕೂ ಹೆಣ್ಣಿಗೂ ವ್ಯತ್ಯಾಸ ಇದೆಯಲ್ಲ ಎಂದು ಪುಟ್ಟಣ್ಣ ಧೈರ್ಯ ಹೇಳಿದ. ಅಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು, ಹಾರನ್ ಮಾಡುತ್ತಾ ಮುಂದೆ ಮುಂದೆ. ಬಟ್ಟಲಲ್ಲಿ ಬಂದ ಉಗ್ಗಾಣಿಯನ್ನು ಅಲ್ಲೇ ಬಿಟ್ಟು ಓಡಿ ಹತ್ತಿದೆವು. ಅದರ ಒಗ್ಗರಣೆ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ.

ಪಾವಗಡ: ಎಲೆಯ ಮುಂದೆ

ಹಸಿವಿನ ಮಾತು ಯಾಕೆ ಎತ್ತಿದೆನೆಂದರೆ, ನಮ್ಮ ಜನದಲ್ಲಿ ಒಂದು ನಡೆ ಇದೆ. ಗಂಡಿನ ಮನೆ ನೋಡಲು ಹೋದವರು ಮಾತು ಮುಗಿಯುವ ತನಕ ಆ ಮನೆಯ ಊಟ ಮುಟ್ಟುವುದಿಲ್ಲ. ಹೆಣ್ಣಿನ ತಂದೆ ಎಲೆಗೆ ಕೈ ಹಾಕಿದ ಎಂದರೆ ಹೆಣ್ಣು ಕೊಟ್ಟ ಹಾಗೆ. ಆಮೇಲೆ ಹಾಗಲ್ಲ, ಹೀಗೆ ಎನ್ನುವಂತಿಲ್ಲ. ಪುಟ್ಟಣ್ಣ ದಾರಿಯುದ್ದಕ್ಕೂ ನನಗೆ ಇದನ್ನೇ ಪಾಠ ಮಾಡಿದ್ದ. ಮನೆ ಅಳಿಯ ಆಗಿ ಬರುತ್ತೇನೆ ಎಂದು ಹುಡುಗನ ಬಾಯಲ್ಲಿ ಬರಲಿ, ಆಮೇಲೆ ಬಾಯಿಗೆ ತುತ್ತು ಇಡು.

ಓಬಳೇಶನ ಮನೆ ಕೋಟೆ ಬೆಟ್ಟದ ಕೆಳಗೆ, ಕಡಲೆಕಾಯಿ ಮಂಡಿಯ ಪಕ್ಕ. ಬೀದಿಯುದ್ದಕ್ಕೂ ಕಡಲೆಕಾಯಿ ಸಿಪ್ಪೆ, ಕಾಲಿಟ್ಟಲ್ಲೆಲ್ಲ ಪಟಪಟ ಸದ್ದು. ಅವನ ತಾಯಿ ಹನುಮಕ್ಕ ಬಾಗಿಲಲ್ಲೇ ಎದುರುಗೊಂಡರು. ಇದ್ದಿಲು ಹಿಡಿದ ನಮ್ಮ ಮೂರು ಮುಖ ನೋಡಿ ಮೊದಲು ಒಂದು ಬಿಂದಿಗೆ ನೀರು ತಂದಿಟ್ಟರು, ಬರುತ್ತೇವೆಂದು ಮೊದಲೇ ಕಾಗದ ಹಾಕಿದ್ದರೂ ಗುರುತು ಸಿಗದೆ, ಆಮೇಲೆ ಯಾರು ಎಂದು ಕೇಳಿದರು. ತಂದೆ ತೀರಿಕೊಂಡಿದ್ದರು, ಮಾತೆಲ್ಲ ಅವರದೇ. ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮ ಅಮ್ಮಾಯಿ ಹೆಂಗಿದಾಳೆ, ನಿಮ್ಮ ಊರಲ್ಲಿ ನೀಳ್ಳು, ಅಂದರೆ ನೀರು, ಹೆಂಗೆ ಎಂದು ಒಂದೇ ಉಸಿರಿಗೆ ವಿಚಾರಿಸಿದರು. ಮಗಳನ್ನು ಆಗಲೇ ನಮ್ಮ ಅಮ್ಮಾಯಿ ಎಂದದ್ದು ನನಗೆ ಹಿತವಾಯಿತು.

ಜಗಲಿಯ ಮೇಲೆ ಸಾಲಾಗಿ ಮೂರು ಎಲೆ ಹಾಕಿದರು. ಕಡಲೆಬೇಳೆ ಒಬ್ಬಟ್ಟು, ಮೇಲೆ ಕಾಯಿಸಿದ ತುಪ್ಪ. ಯುದ್ಧದ ಕಾಲದಲ್ಲಿ ಇಷ್ಟನ್ನು ಎಲ್ಲಿಂದ ಕೂಡಿಸಿದರೋ. ಊಟ ಆಮೇಲೆ, ಮೊದಲು ಮಾತು ಎಂದು ಪುಟ್ಟಣ್ಣ ಬಿಗಿಯಾಗಿ ಕೂತ. ಗೌಸ್ ಸಾಹೇಬರು ಮಾತ್ರ, "ಈ ಶಾಸ್ತ್ರ ನಿಮ್ದು ರಂಗಪ್ಪನವ್ರೇ, ನಮಗೆ ಇದು ಲಾಗೂ ಇಲ್ಲ," ಎಂದು ತೋಳು ಮಡಚಿ ಶುರುಮಾಡಿದರು. ಅವರು ಒಬ್ಬಟ್ಟು ಮುರಿಯುವುದನ್ನು, ತುಪ್ಪದಲ್ಲಿ ಅದ್ದುವುದನ್ನು, ಕಣ್ಣು ಮುಚ್ಚಿ ಅಗಿಯುವುದನ್ನು ನಾವಿಬ್ಬರೂ ನೋಡುತ್ತಾ ಕೂತೆವು.

ಆಗ ಓಬಳೇಶ ಮಂಡಿಯಿಂದ ಬಂದ. ಉದ್ದ ಕೈ, ಅಗಲ ಅಂಗೈ, ಮೈಯೆಲ್ಲ ಕಡಲೆಕಾಯಿ ಧೂಳು. ನಮಸ್ಕಾರ ಮಾಡಲು ಕೈ ಜೋಡಿಸುವಷ್ಟರಲ್ಲಿ ಪುಟ್ಟಣ್ಣ ತಾಂಬೂಲದ ತಟ್ಟೆಯಲ್ಲಿದ್ದ ತೆಂಗಿನಕಾಯಿ ಎತ್ತಿ ಅವನ ಎಡಗಾಲ ಕಡೆಗೆ ಬೀಸಿ ಒಗೆದುಬಿಟ್ಟ. ಕಾನ್‌ಸ್ಟೇಬಲ್ ಮಾತು ಅವನ ತಲೆಯಲ್ಲಿ ಕೊರೆಯುತ್ತಿತ್ತು. ಹುಡುಗ ಬಗ್ಗಿ, ನೆಲ ಮುಟ್ಟುವ ಮುಂಚೆಯೇ ಕಾಯನ್ನು ಹಿಡಿದು, ಏನೂ ಆಗಿಲ್ಲವೆಂಬಂತೆ ತಟ್ಟೆಯಲ್ಲಿ ವಾಪಸು ಇಟ್ಟು, ಆಮೇಲೆ ನಮಸ್ಕಾರ ಮಾಡಿದ. ಶುಭದ ಕಾಯಿ ಹೀಗೆ ಒಗೆಯುತ್ತಾರೇನಯ್ಯಾ ಎಂದು ಹನುಮಕ್ಕ ಪುಟ್ಟಣ್ಣನಿಗೆ ಬೈದರು. ಬೈಗುಳ ಅವನಿಗೆ ಕೇಳಿಸಲೇ ಇಲ್ಲ. ಅವನ ಕಣ್ಣಲ್ಲಿ ಕಪ್ ಹೊಳೆಯುತ್ತಿತ್ತು.

ಇನ್ನು ತಡೆಯಲಾರದೆ ಪುಟ್ಟಣ್ಣ ಷರತ್ತು ಮುಂದಿಟ್ಟ. ಹೆಣ್ಣು ಕೊಡುತ್ತೇವೆ, ಮನೆ ಕೊಡುತ್ತೇವೆ, ಮಂಡಿಯೂ ಮುಂದಕ್ಕೆ ನಿನ್ನದೇ. ನೀನು ಮಧುಗಿರಿಗೆ ಬಂದು ಇರಬೇಕು, ಬೇಕಾದರೆ ತಾಯಿಯೂ ಬರಲಿ. ಹನುಮಕ್ಕನ ಮುಖ ಗಂಟಿಕ್ಕುತ್ತದೆ ಎಂದು ನಾನು ಕಾದೆ. ಅವರು ತುಪ್ಪದ ಗಿಂಡಿ ಕೆಳಗಿಟ್ಟು, ಅದನ್ನು ಅವನನ್ನೇ ಕೇಳಿ ಎಂದಷ್ಟೇ ಅಂದರು.

ನಾನು ಅಲ್ಲಿಗೆ ಯಾಕೆ ಬರಬೇಕು ಎಂದು ಓಬಳೇಶ ಕೇಳಿದ. ಸೊಕ್ಕಿನಿಂದಲ್ಲ, ತಿಳಿಯಬೇಕೆಂದೇ ಕೇಳಿದ. ಪುಟ್ಟಣ್ಣ ಎಲ್ಲ ಬಿಡಿಸಿ ಹೇಳಿದ. ನಿನ್ನ ಊರಿನ ಟೀಮು ವರ್ಷವೂ ಸೋಲುತ್ತದೆ, ನಿನ್ನೊಬ್ಬನಿಂದ ಏನಾದೀತು. ನಮ್ಮಲ್ಲಿ ಹತ್ತು ಜನ ಒಳ್ಳೆಯ ಆಟಗಾರರಿದ್ದಾರೆ, ಇಲ್ಲದವನು ಗೋಲಿ ಒಬ್ಬನೇ. ನೀನು ಬಂದರೆ ಗೆಲ್ಲುತ್ತೀಯ, ಕಪ್ ಹಿಡಿಯುತ್ತೀಯ. ಗೌಸ್ ಸಾಹೇಬರು ಒಬ್ಬಟ್ಟು ಕೆಳಗಿಟ್ಟು ಹೌದೌದೆಂದರು.

ಹುಡುಗ ಅವರಿಬ್ಬರನ್ನೂ ಬಿಟ್ಟು ನನ್ನ ಕಡೆ ತಿರುಗಿದ. "ಮಾವಾ, ನಮ್ಮೂರು ಸೋಲ್ತೈತೆ ಅಂತ ಗೆಲ್ಲೋ ಊರಿಗೆ ಹೋದೋನು, ನಾಳೆ ನಿಮ್ಮ ಮನೆಗೆ ಕಷ್ಟ ಬಂದ್ರೆ ನಿಮ್ಮ ಮಗಳ್ನೂ ಬುಟ್ಟು ಹೋಗ್ತಾನೆ. ಅಂಥೋನಿಗೆ ಹೆಣ್ಣು ಕೊಡ್ತೀರಾ?" ಎಂದ.

ಪುಟ್ಟಣ್ಣ ತಾಂಬೂಲದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಸಾರಿಸಿಟ್ಟ ಕೋಣೆ ನನ್ನ ಕಣ್ಣ ಮುಂದೆ ಬಂತು, ಗೌರಮ್ಮ ಬಂದಳು. ಈ ಹುಡುಗನನ್ನು ಬಿಟ್ಟರೆ ಮಗಳು ಹತ್ತಿರದಲ್ಲೇ ಎಲ್ಲಾದರೂ ಉಳಿದಾಳು, ಹಿಡಿದರೆ ಎರಡು ಗಡಿಯಾಚೆಗೆ ಹೊರಟುಹೋಗುತ್ತಾಳೆ. ಹಾಗಂತ ಇಂಥವನನ್ನು ಬಿಟ್ಟು ಇನ್ನೆಂಥವನನ್ನು ಹುಡುಕಿಕೊಂಡು ಹೋಗಲಿ? ಜಯಮ್ಮನಿಗೆ ಕೊಟ್ಟ ಮಾತು ನೆನಪಿತ್ತು. ನೆನಪಿದ್ದೇ ನಾನು ಎಲೆ ಎಳೆದುಕೊಂಡೆ. ಒಬ್ಬಟ್ಟು ಮುರಿದು ಬಾಯಿಗೆ ಹಾಕಿಕೊಂಡೆ.

ಗೌಸ್ ಸಾಹೇಬರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು. "ಹ್ಞಾ, ಗಯಾ, ಹೋಯ್ತು ನಮ್ಮ ಕಪ್," ಎಂದು ಮೆತ್ತಗೆ ಅಂದು, ನಕ್ಕು, ಹನುಮಕ್ಕನ ಕಡೆ ಎಲೆ ಸರಿಸಿ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರು. ಹನುಮಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ನನ್ನ ಎಲೆಗೆ ತುಪ್ಪ ಸುರಿದೇ ಸುರಿದರು. ಪುಟ್ಟಣ್ಣ ಕೊನೆಗೂ ಉಂಡ. ಆದರೆ ನನಗೆ ಬೆನ್ನು ಮಾಡಿಕೊಂಡು ಉಂಡ.

ವಾಪಸ್ಸು

ಮಾರನೆಯ ದಿನ ಬಸ್ಸಿನಲ್ಲಿ ಪುಟ್ಟಣ್ಣ ನನ್ನ ಪಕ್ಕ ಕೂರಲಿಲ್ಲ. ಏರು ಬಂದಾಗ ಯಾರೂ ಕರೆಯದಿದ್ದರೂ ಇಳಿದು ಹೋಗಿ ಹಿಡಿಕೆ ತಿರುಗಿಸುತ್ತಿದ್ದ. ಸಿಟ್ಟೆಲ್ಲ ಅದರ ಮೇಲೆ. ಗಡಿಯ ಹತ್ತಿರ ತಡೆಯಲಾಗದೆ ಬಂದು, "ಲೆಫ್ಟ್ ಔಟ್ ಕೊಟ್ಟಿದ್ರೂ ಬದ್ಲಿಗೆ ಒಬ್ಬ ಬರ್ತಿದ್ದ ಕಣ್ಲಾ ರಂಗ. ನೀನು ಹೆಣ್ಣೂ ಕೊಟ್ಬುಟ್ಟೆ, ಗೋಲೀನೂ ಬುಟ್ಬುಟ್ಟೆ. ಇಂಥಾ ಯಾಪಾರ ಹುಣಸೆಹಣ್ಣಲ್ಲಿ ಮಾಡಿದ್ಯಾ ಯಾವತ್ತಾದ್ರೂ?" ಎಂದ. ಇಲ್ಲ ಎಂದೆ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಗಡಿಯ ಕಾನ್‌ಸ್ಟೇಬಲ್ ನಮ್ಮನ್ನು ಕಂಡವನೇ ಓಡಿಬಂದ. ಎಡಗಡೆಯದ್ದು ಹಿಡಿದನೇ ಎಂದು ಕೇಳಿದ. ಹಿಡಿದ, ಆದರೆ ಬರುವುದಿಲ್ಲ ಎಂದು ಗೌಸ್ ಸಾಹೇಬರು ಹೇಳಿದರು. ಅಯ್ಯೋ ಪಾಪ ಎಂದು ಬಾಯಲ್ಲಿ ಅಂದ, ಶಿರಾದವನಲ್ಲವೇ, ಮುಖದಲ್ಲಿ ನಗು ತಡೆಯಲಾಗಲಿಲ್ಲ. ಈ ಸಲ ಚೀಲ ಬಿಚ್ಚಿಸಲೂ ಇಲ್ಲ. ಗೌಸ್ ಸಾಹೇಬರು ಅವನನ್ನು ಬೈದ ಬೈಗುಳ ಮಧುಗಿರಿಯ ತನಕ ಮುಗಿಯಲಿಲ್ಲ.

ನನ್ನ ತಲೆಯಲ್ಲಿ ಬಾಲೂ ಇಲ್ಲ, ಕಪ್ಪೂ ಇಲ್ಲ. ಜಯಮ್ಮ ಒಲ್ಲೆ ಎಂದರೆ ಏನು ಮಾಡುವುದು? ಉಂಡ ಎಲೆಯ ಮಾತು ತಿರುಗಿಸಿದರೆ ಆ ಮನೆಗೆ ಮುಖ ತೋರಿಸುವಂತಿಲ್ಲ. ತಿರುಗಿಸದಿದ್ದರೆ ಮಗಳಿಗೆ ಕೊಟ್ಟ ಮಾತು ತಪ್ಪಿದ ಹಾಗೆ. ಹೋಗುವಾಗ ಅಷ್ಟು ಉದ್ದವಿದ್ದ ದಾರಿ ಬರುವಾಗ ಬೇಗ ಮುಗಿದುಹೋಯಿತು.

ಬಸ್ಸು ನಿಲ್ಲುವ ಕಡೆ ಇಡೀ ಬೆಂಚು ಬಂದು ನಿಂತಿತ್ತು. ಗಂಗಣ್ಣನೂ ಇದ್ದ. ಎಲ್ಲಿ, ಎಲ್ಲಿ ಎಂದು ನಮ್ಮ ಹಿಂದೆ ಇಣುಕಿದರು. ಅವರನ್ನು ಪುಟ್ಟಣ್ಣನ ಕೈಗೆ ಬಿಟ್ಟು ನಾನು ಮನೆಗೆ ನಡೆದೆ. ಗೌರಮ್ಮ ಎಲ್ಲ ಕೇಳಿದಳು. ಅಲ್ಲಿಗೇ ಕಳಿಸೋದಾ ಎಂದು ಒಂದೇ ಮಾತು ಅಂದು ಅಡುಗೆಮನೆಗೆ ಹೋದಳು. ಪಾತ್ರೆಗಳು ದಡಬಡ ಎಂದವು.

ಜಯಮ್ಮ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ನಾನು ಏನೂ ಮುಚ್ಚಿಡಲಿಲ್ಲ. ನಿನ್ನ ಕೇಳದೆ ಉಂಡುಬಿಟ್ಟೆ ಕಣಮ್ಮ, ನೀನು ಒಲ್ಲೆ ಎಂದರೆ ನಾನೇ ಹೋಗಿ ಅವರ ಕಾಲು ಹಿಡಿದು ಬರುತ್ತೇನೆ ಎಂದೆ. ಏನು ಕಂಡು ಉಂಡೆ ಎಂದು ಕೇಳಿದಳು. ಹುಡುಗ ಅಂದ ಮಾತನ್ನು ಅವನು ಅಂದ ಹಾಗೆಯೇ ಹೇಳಿದೆ. "ಇನ್ನೊಂದ್ಸಲ ಏಳು," ಎಂದಳು. ಇನ್ನೊಂದು ಸಲ ಹೇಳಿದೆ. ಗೋಡೆಯಾಚೆ ಪುಟ್ಟಣ್ಣನ ಕ್ಲಬ್ಬಿನಲ್ಲಿ ಹೊಸ ಗೋಲಿಯ ಚರ್ಚೆ ಆಗಲೇ ಶುರುವಾಗಿತ್ತು, ಕೊಳಾಲದ ಹುಡುಗನ ಹೆಸರು ಕೇಳಿಸುತ್ತಿತ್ತು. ಅವಳು ಅದನ್ನು ಕೇಳುತ್ತಿದ್ದಳೋ ನನ್ನ ಮಾತನ್ನೇ ಯೋಚಿಸುತ್ತಿದ್ದಳೋ ತಿಳಿಯಲಿಲ್ಲ.

"ನಾನು ಓಯ್ತೀನಪ್ಪ," ಎಂದಳು ಕೊನೆಗೆ. "ಆದ್ರೆ ಈಗ್ಲೇ ಒಂದು ಮಾತು ಏಳ್ಬುಡ್ತೀನಿ. ನಮಗೂ ಪಾವಗಡದೋರಿಗೂ ಆಟ ಬಿದ್ದ ದಿವ್ಸ ನಾನು ಪಾವಗಡದ ಕಡೀಕೇ ಕೂಗೋದು. ನೀನು ಬೇಜಾರು ಮಾಡ್ಕಬಾರ್ದು."

ಕೂಗಮ್ಮ, ಕೂಗದೆ ಇನ್ನೇನು, ಗಟ್ಟಿಯಾಗೇ ಕೂಗು ಎಂದು ನಕ್ಕೆ. ಅವಳು ತಾಯಿಗೆ ಹೇಳಲು ಒಳಗೆ ಹೋದಳು. ನಾನು ಮುಖ ತೊಳೆಯುತ್ತೇನೆಂದು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ನೀರು ಸುರಿಯುವ ಸದ್ದು ಮಾಡುತ್ತಾ ಚೆನ್ನಾಗಿ ಅತ್ತುಬಿಟ್ಟೆ.